ಕರೆಂಟ್ ಗಾಡಿಯ ಏಸಿ ಯಾಕೆ ಗುಂಯ್ ಅಂತದೆ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ರ ಒಂದು ಗ್ರಂಥಾಲಯದವರು "ಭಾನುವಾರ ಬಂದು ಇಲೆಕ್ಟ್ರಿಕ್ ಕಾರಿನ ಬಗ್ಗೆ ಎಂತಾದ್ರೂ ಮಾತಾಡಿ" ಅಂತ ಕರೆದಿದ್ರು. ನಾನು ಕಾರಿನ ಏಸಿ ಕೆಲಸ ಮಾಡುವವ. ಬ್ಯಾಟರಿ, ಸಬ್ಸಿಡಿ, ರೇಂಜು ಇದೆಲ್ಲ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ಉಂಟು, ಹಾಗಾಗಿ ನಾನು ಏಸಿಯ ಶಬ್ದ ಮತ್ತು ನಡುಕ ಎರಡರ ಬಗ್ಗೆ ಮಾತ್ರ ಮಾತಾಡಿದೆ. ಬರ್ಲಿಕ್ಕೆ ಆಗದವರು ಬರೆದು ಹಾಕಿ ಅಂದ್ರು. ಮಾತಾಡಿದ ಹಾಗೇ ಬರೆದಿದ್ದೇನೆ, ಮಾಷ್ಟ್ರುಗಳು ವ್ಯಾಕರಣ ನೋಡ್ಬಾರ್ದು.

ಹೆಚ್ಚಿನವರು ನನ್ನ ಹತ್ರ ಬಂದು ಹೇಳೋದು ಒಂದೇ, "ಮಾರಾಯ್ರೆ, ಗಾಡಿ ಓಡುವಾಗ ಎಂತ ಇಲ್ಲ, ನಿಂತ್ರೆ ಸೀಟಿನ ಕೆಳಗೆ ಗುಂಯ್ ಅಂತದೆ, ಏಸಿ ಆಫ್ ಮಾಡಿದ್ರೆ ನಿಲ್ತದೆ." ಓಡುವಾಗ ಇಲ್ಲ, ನಿಂತಾಗ ಉಂಟು, ಇದನ್ನು ಸ್ವಲ್ಪ ಯೋಚನೆ ಮಾಡಿ ನೋಡಿ, ಪೆಟ್ರೋಲ್ ಗಾಡಿ ಇಟ್ಟುಕೊಂಡು ಬಂದವರಿಗೆ ಇದು ಉಲ್ಟಾ ಕಾಣ್ತದೆ. ಪೆಟ್ರೋಲ್ ಗಾಡಿಯಲ್ಲಿ ಏಸಿ ಕಂಪ್ರೆಸರ್, ಅಂದ್ರೆ ಏಸಿಯ ಗ್ಯಾಸನ್ನು ಒತ್ತಿ ತಳ್ಳುವ ಪಂಪು, ಇಂಜಿನ್‌ಗೆ ಬೆಲ್ಟಿನಲ್ಲಿ ಕಟ್ಟಿ ಹಾಕಿದ್ದು. ಇಂಜಿನ್ ಎಷ್ಟು ತಿರುಗಿಸ್ತದೋ ಅಷ್ಟಕ್ಕೆ ತಕ್ಕ ಹಾಗೇ ಅದು ತಿರುಗಬೇಕು, ಬೇರೆ ದಾರಿ ಇಲ್ಲ. ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ 800 ಆರ್‌ಪಿಎಂ ಆಸುಪಾಸು, ಕಂಪ್ರೆಸರ್ ಅದಕ್ಕಿಂತ ಸ್ವಲ್ಪ ಜಾಸ್ತಿ. ಅದಕ್ಕೇ ಹಳೆ ಗಾಡಿಗಳಲ್ಲಿ ಟ್ರಾಫಿಕ್‌ನಲ್ಲಿ ನಿಂತ್ರೆ ಏಸಿ ತಂಪು ಕಮ್ಮಿ ಆಗ್ತಿತ್ತು, ಎಕ್ಸಲೇಟರ್ ಒತ್ತಿದ್ರೆ ಪುನಃ ತಂಪು ಬರ್ತಿತ್ತು. ಅದರ ಮೇಲೆ ಇಂಜಿನಿನದ್ದೇ ಗಲಾಟೆ ಉಂಟಲ್ಲ, ನಾಲ್ಕು ಸಿಲಿಂಡರ್ ಇಂಜಿನ್ 800ರಲ್ಲಿ ನಿಂತಾಗ ಸೆಕೆಂಡಿಗೆ ಸುಮಾರು 27 ಸಲ ಗುದ್ದುತ್ತದೆ, ಆ ಗುದ್ದಿನ ಅಡಿಯಲ್ಲಿ ಕಂಪ್ರೆಸರಿನ ಶಬ್ದ ಯಾರಿಗೂ ಕೇಳ್ತಿರ್ಲಿಲ್ಲ.

ಕರೆಂಟ್ ಗಾಡಿಯಲ್ಲಿ ಬೆಲ್ಟ್ ಇಲ್ಲ. ಕಂಪ್ರೆಸರಿನ ಒಳಗೇ ಅದರದ್ದೇ ಮೋಟಾರ್, ಬೆನ್ನಿಗೇ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಬೇಕಾದ ಹಾಗೆ ಬದಲಿಸಿ ಕೊಡುವ ಇನ್ವರ್ಟರ್, ನೇರ ದೊಡ್ಡ ಬ್ಯಾಟರಿಯಿಂದ ಕರೆಂಟ್, ಹೆಚ್ಚಿನ ಗಾಡಿಗಳಲ್ಲಿ 300ರಿಂದ 400 ವೋಲ್ಟ್ ಡಿಸಿ. ಅದು ಸಾವಿರದ ಹತ್ತಿರದಿಂದ ಹಿಡಿದು ಎಂಟು ಸಾವಿರ ಆರ್‌ಪಿಎಂವರೆಗೆ ತನಗೆ ಬೇಕಾದ ಹಾಗೆ ತಿರುಗ್ತದೆ, ಚಕ್ರ ತಿರುಗ್ತಾ ಉಂಟೋ ಇಲ್ವೋ ಅದಕ್ಕೆ ಲೆಕ್ಕವೇ ಇಲ್ಲ. ಮಧ್ಯಾಹ್ನ ಎರಡು ಗಂಟೆಗೆ ಕಾಸರಗೋಡು ಹೊಸ ಬಸ್‌ಸ್ಟ್ಯಾಂಡಿನ ಹತ್ರ ಬಿಸಿಲಲ್ಲಿ ನಿಲ್ಲಿಸಿದ ಗಾಡಿಗೆ ಹತ್ತಿ ಏಸಿ ಹಾಕಿದ್ರೆ ಒಳಗೆ 50 ಡಿಗ್ರಿ ಮೇಲೆ ಇರ್ತದೆ, ಕಂಪ್ರೆಸರ್ ಪೂರ್ತಿ ಜೋರಲ್ಲಿ ಓಡ್ತದೆ, ಆಗ ಗಾಡಿ ನಿಂತೇ ಉಂಟು. ಅಂದ್ರೆ ಗಾಡಿ ಅತ್ಯಂತ ಶಾಂತವಾಗಿ ಇರುವ ಹೊತ್ತು ಮತ್ತು ಕಂಪ್ರೆಸರ್ ಅತ್ಯಂತ ಜೋರಾಗಿ ಓಡುವ ಹೊತ್ತು, ಎರಡೂ ಒಂದೇ ಆಯ್ತು. ನನ್ನ ಪ್ರಕಾರ ಅರ್ಧಕ್ಕರ್ಧ ಕಂಪ್ಲೇಂಟ್ ಇದರಲ್ಲೇ ಮುಗೀತದೆ. ಓಡುವಾಗ ಟಯರ್ ಶಬ್ದ, ಗಾಳಿ ಶಬ್ದ ಎಲ್ಲ ಸೇರಿ ಮುಚ್ಚಿ ಹಾಕ್ತದೆ. ಕಂಪೆನಿಯವರಿಗೂ ಇದು ಗೊತ್ತುಂಟು, ಹಾಗಾಗಿ ಸಾಫ್ಟ್‌ವೇರಿನಲ್ಲಿ ನಿಂತಾಗ ಕಂಪ್ರೆಸರ್ ಇಷ್ಟಕ್ಕಿಂತ ಜೋರು ಹೋಗ್ಬಾರ್ದು, ಸ್ಪೀಡ್ ಬಂದ ಮೇಲೆ ಹೋಗ್ಬಹುದು ಅಂತ ಕಟ್ಟು ಹಾಕಿರ್ತಾರೆ. ಕಟ್ಟು ಬಿಗಿ ಮಾಡಿದ್ರೆ "ತಂಪು ಸಾಲೋದಿಲ್ಲ" ಅಂತ ಬೈಗಳು, ಸಡಿಲ ಮಾಡಿದ್ರೆ "ಶಬ್ದ" ಅಂತ ಬೈಗಳು.

ಈ ಕಂಪ್ರೆಸರ್ ಹೆಚ್ಚಾಗಿ ಸ್ಕ್ರಾಲ್ ಜಾತಿಯದ್ದು. ಸುರುಳಿ ಸುತ್ತಿದ ಎರಡು ಗೋಡೆ, ಒಂದು ಅಲ್ಲಾಡೋದಿಲ್ಲ, ಇನ್ನೊಂದು ಅದರ ಒಳಗೆ ತನ್ನ ಸುತ್ತ ತಿರುಗದೆ ಬರೀ ಸಣ್ಣ ವೃತ್ತದಲ್ಲಿ ಸರೀತಾ ಇರ್ತದೆ, ಎರಡರ ನಡುವೆ ಸಿಕ್ಕಿದ ಗ್ಯಾಸ್ ಹೊರಗಿನಿಂದ ನಡುವಿಗೆ ಒತ್ತಿ ಒತ್ತಿ ಹೋಗ್ತದೆ. ಫ್ರಾನ್ಸಿನ ಲಿಯೋನ್ ಕ್ರೂ ಅನ್ನುವವರು ಇದಕ್ಕೆ 1905ರಲ್ಲೇ ಪೇಟೆಂಟ್ ತೆಗೆದಿದ್ರು, ಆದ್ರೆ ಆ ಸುರುಳಿಯನ್ನು ಅಷ್ಟು ನಯವಾಗಿ ಕೊರೆಯುವ ಮೆಶಿನ್ ಬರ್ಲಿಕ್ಕೆ ಮತ್ತೆ ಏಳೆಂಟು ದಶಕ ಬೇಕಾಯ್ತು. ಪಿಸ್ಟನ್ ಕಂಪ್ರೆಸರಿಗಿಂತ ಇದು ತುಂಬ ಮೆತ್ತಗೆ ಓಡ್ತದೆ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೂ ಒಂದು ಸುತ್ತಿಗೆ ಒಂದು ಸಲ ಗ್ಯಾಸನ್ನು ಹೊರಗೆ ತಳ್ಳಲೇ ಬೇಕಲ್ಲ, ಆ ತಳ್ಳುವಿಕೆಯೇ ನಡುಕ. ಲೆಕ್ಕ ಸುಲಭ, ಆರ್‌ಪಿಎಂ ಅನ್ನು 60ರಿಂದ ಭಾಗಿಸಿದ್ರೆ ಸೆಕೆಂಡಿಗೆ ಎಷ್ಟು ಸಲ ಅಂತ ಸಿಗ್ತದೆ. 3000ಕ್ಕೆ 50, 4500ಕ್ಕೆ 75, 6000ಕ್ಕೆ 100 ಹರ್ಟ್ಸ್.

ಈ 75 ಹರ್ಟ್ಸ್ ಹತ್ರ ಒಂದು ಮಜಾ ಉಂಟು. ಸಣ್ಣ ಕಾರಿನ ಒಳಗೆ ಎದುರಿನ ಗ್ಲಾಸಿನಿಂದ ಹಿಂದಿನ ಗ್ಲಾಸಿಗೆ ಹತ್ತಿರ ಹತ್ತಿರ 2.3 ಮೀಟರ್ ಅಂತ ಇಟ್ಕೊಳ್ಳಿ. ಬಿಸಿ ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 350 ಮೀಟರ್ ಹೋಗ್ತದೆ. ಅದನ್ನು 2.3ರ ಎರಡು ಪಾಲಿನಿಂದ ಭಾಗಿಸಿ, 76 ಬರ್ತದೆ. ಅಂದ್ರೆ ಗಾಡಿಯ ಒಳಗಿನ ಗಾಳಿ ತಾನಾಗಿ ಗುಂಯ್ಗುಡುವ ಶ್ರುತಿ ಅದು, ಕಂಪ್ರೆಸರ್ 4500 ಹತ್ರ ಬಂದು ನಿಂತ್ರೆ ಒಳಗಿನ ಗಾಳಿ ಪೂರ್ತಿ ಸೇರಿಕೊಂಡು ಹಾಡ್ಲಿಕ್ಕೆ ಶುರು ಮಾಡ್ತದೆ. ಇದನ್ನು ಪರೀಕ್ಷೆ ಮಾಡ್ಲಿಕ್ಕೆ ಮೆಶಿನ್ ಎಂತ ಬೇಡ. ಹಿಂದಿನ ಸೀಟಿನಲ್ಲಿ ತಲೆ ಗ್ಲಾಸಿಗೆ ಹತ್ರ ಇಟ್ಟು ಕೂತ್ಕೊಳ್ಳಿ, ಕಿವಿ ಒತ್ತಿದ ಹಾಗೆ ಆಗ್ತದೆ. ಮೆಲ್ಲಗೆ ಎದುರಿಗೆ ಬಗ್ಗಿ ಗಾಡಿಯ ನಡುವಿಗೆ ತಲೆ ತನ್ನಿ, ಶಬ್ದ ಕಮ್ಮಿ ಆಗ್ತದೆ. ಒಂದು ಗ್ಲಾಸ್ ನಾಲ್ಕು ಬೆರಳು ಇಳಿಸಿ, ಶ್ರುತಿ ಬದಲಾಗ್ತದೆ. ಹೀಗೆ ಆದ್ರೆ ಅದು ಗಾಳಿಯ ಗುಂಯ್, ಗಾಡಿಯಲ್ಲಿ ಎಂತದ್ದೂ ಹಾಳಾಗಿಲ್ಲದೆಯೂ ಇದು ಬರ್ಬಹುದು. ಒಳ್ಳೆ ಕಂಪೆನಿಯವರು ಆ ಸ್ಪೀಡ್‌ನಲ್ಲಿ ಕಂಪ್ರೆಸರ್ ನಿಲ್ಲದ ಹಾಗೆ, ಹಾರಿ ಮುಂದೆ ಹೋಗುವ ಹಾಗೆ ಪ್ರೋಗ್ರಾಂ ಮಾಡಿರ್ತಾರೆ, ಕೆಲವು ಸಲ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿಸಿದ ಮೇಲೆ ಶಬ್ದ ಹೋಯ್ತು ಅಂತ ಹೇಳೋದು ಇದಕ್ಕೇ.

ಇನ್ನು ನಾನು ಮುಖ್ಯವಾಗಿ ಹೇಳ್ಬೇಕು ಅಂತ ಬಂದ ವಿಷಯ. ಶಬ್ದ ಬಂತು ಅಂದ ಕೂಡ್ಲೇ ಎಲ್ರೂ ಕಂಪ್ರೆಸರ್ ಮೇಲೆ ಕೈ ತೋರಿಸ್ತಾರೆ, ಕಂಪ್ರೆಸರ್ ಬದಲಿಸಿದ್ರೆ ಬಿಲ್ಲು ಸಣ್ಣದಲ್ಲ. ಕಂಪ್ರೆಸರ್ ನಡುಗುವುದು ಅದರ ಜನ್ಮಗುಣ, ಆ ನಡುಕ ಯಾವ ದಾರಿ ಹಿಡಿದು ನಿಮ್ಮ ಸೀಟಿಗೆ ಬಂತು ಅಂತ ಮೊದಲು ಹುಡುಕಬೇಕು. ಇದಕ್ಕೆ ನಾನು ಅಲ್ಲಿ ಮೇಜಿನ ಮೇಲೆ ಒಂದು ಆಟ ತೋರಿಸಿದೆ. ಚಾ ತಂದ ಸ್ಟೀಲ್ ತಟ್ಟೆಯನ್ನು ಕವುಚಿ ಹಾಕಿ, ಫೋನ್ ವೈಬ್ರೇಟಿಗೆ ಇಟ್ಟು ಅದರ ಮೇಲೆ ಇಟ್ಟೆ, ಒಬ್ರು ಕಾಲ್ ಮಾಡಿದ್ರು. ಕಡೇ ಬೆಂಚಿನವರೆಗೆ ಗಡಗಡ ಕೇಳಿತು. ಅದೇ ಫೋನನ್ನು ಕೈಯಲ್ಲಿ ಎತ್ತಿ ಹಿಡಿದ್ರೆ ಮೊದಲ ಸಾಲಿನವರಿಗೂ ಕೇಳ್ಲಿಲ್ಲ. ಮತ್ತೆ ತಟ್ಟೆ ಮೇಲೆ ಬೈರಾಸು (ಟವೆಲ್) ನಾಲ್ಕು ಮಡಿಕೆ ಮಾಡಿ ಹಾಕಿ ಫೋನ್ ಇಟ್ಟೆ, ಶಬ್ದ ಇಲ್ಲ. ಆಮೇಲೆ ಒಂದು ಚಮಚ ತಕ್ಕೊಂಡು ಒಂದು ತುದಿ ಫೋನಿಗೆ, ಇನ್ನೊಂದು ತುದಿ ತಟ್ಟೆಗೆ ತಾಗುವ ಹಾಗೆ ಒತ್ತಿ ಹಿಡಿದೆ, ಬೈರಾಸು ಅಲ್ಲೇ ಉಂಟು, ಆದ್ರೂ ಗಡಗಡ ವಾಪಸ್ ಬಂತು.

ಬೈರಾಸಿನ ಜಾಗದಲ್ಲಿ ಗಾಡಿಯಲ್ಲಿ ರಬ್ಬರ್ ಬುಷ್ ಇರ್ತದೆ. ಕಂಪ್ರೆಸರನ್ನು ಬ್ರಾಕೆಟಿಗೆ ಕೂರಿಸುವಲ್ಲಿ ರಬ್ಬರ್, ಕೆಲವು ಗಾಡಿಗಳಲ್ಲಿ ಬ್ರಾಕೆಟಿನಿಂದ ಬಾಡಿಗೆ ಹೋಗುವಲ್ಲಿ ಇನ್ನೊಂದು ರಬ್ಬರ್. ಪೆಟ್ರೋಲ್ ಗಾಡಿಯಲ್ಲಿ ಕಂಪ್ರೆಸರನ್ನು ಇಂಜಿನ್ ಬ್ಲಾಕಿಗೇ ಬೋಲ್ಟ್ ಹಾಕಿ ಬಿಗಿಯೋದು, ಅಷ್ಟು ಭಾರದ ಕಬ್ಬಿಣವನ್ನು ನಡುಗಿಸ್ಲಿಕ್ಕೆ ಅದಕ್ಕೆ ಆಗೋದಿಲ್ಲ, ಇಂಜಿನ್ ಕೂಡ ರಬ್ಬರ್ ಮೌಂಟಿನ ಮೇಲೆ ಕೂತಿರ್ತದೆ. ಇಲ್ಲಿ ಆ ಅನುಕೂಲ ಇಲ್ಲ. ರಬ್ಬರ್ ಯಾವಾಗ ಕೆಲಸ ಮಾಡ್ತದೆ ಅನ್ನುವುದಕ್ಕೂ ಲೆಕ್ಕ ಉಂಟು, ರಬ್ಬರಿನ ಮೇಲೆ ಕೂತ ಕಂಪ್ರೆಸರ್ ತಾನಾಗಿ ಅಲ್ಲಾಡುವ ಸ್ಪೀಡಿನ ಸುಮಾರು 1.4 ಪಾಲು ದಾಟಿದ ಮೇಲೆಯೇ ರಬ್ಬರ್ ನಡುಕ ತಡೀಲಿಕ್ಕೆ ಶುರು ಮಾಡೋದು, ಅದಕ್ಕಿಂತ ಕೆಳಗೆ ಅದು ಉಪಕಾರ ಮಾಡೋದಿಲ್ಲ, ಆ ಸ್ಪೀಡಿನ ಹತ್ತಿರವೇ ಇದ್ರೆ ನಡುಕವನ್ನು ಜಾಸ್ತಿಯೇ ಮಾಡ್ತದೆ. ರಬ್ಬರ್ ಗಟ್ಟಿಯಾದ್ರೆ ಆ ತಾನಾಗಿ ಅಲ್ಲಾಡುವ ಸ್ಪೀಡೇ ಮೇಲೆ ಹೋಗ್ತದೆ, ಹಾಗಾಗಿ ಕತೆ ಕೆಟ್ಟಿತು. ಕೆಲವರು ಬುಷ್ ಸಿಗ್ಲಿಲ್ಲ ಅಂತ ಲಾರಿಯ ಯಾವುದೋ ಗಟ್ಟಿ ರಬ್ಬರ್ ಕತ್ತರಿಸಿ ಹಾಕಿ ಕೊಡ್ತಾರೆ, ಅದು ದಯವಿಟ್ಟು ಬೇಡ.

ಚಮಚದ ಜಾಗದಲ್ಲಿ ಎಂತ ಇರ್ತದೆ ಅಂತ ಒಂದು ಗಾಡಿಯದ್ದು ಹೇಳ್ತೇನೆ. ಬದಿಯಡ್ಕ ಕಡೆಯ ಒಬ್ರು ಕೃಷಿಕರದ್ದು, ಎದುರಿನಿಂದ ಸ್ವಲ್ಪ ತಾಗಿ ಬಂಪರ್, ಮತ್ತೆ ಅದರ ಹಿಂದೆ ಏಸಿಯ ಶಾಖವನ್ನು ಹೊರಗೆ ಬಿಡುವ ಜಾಲರಿ, ಅಂದ್ರೆ ಕಂಡೆನ್ಸರ್, ಬದಲಿಸಿ ಆಗಿತ್ತು, ಎಲ್ಲಿ ಮಾಡಿಸಿದ್ದು ಅನ್ನೋದು ಇಲ್ಲಿ ಬೇಡ. ಆಮೇಲೆ ಏಸಿ ಹಾಕಿದ್ರೆ ಡ್ರೈವರ್ ಕಾಲಿನ ಹತ್ರ ಫ್ಲೋರ್ ಜುಮ್ ಅಂತದೆ, ಸ್ಟೇರಿಂಗಿನಲ್ಲೂ ಬರ್ತದೆ. ರಿಪೇರಿ ಮಾಡಿದಲ್ಲಿಗೇ ಹೋಗಿ ಕೇಳಿದ್ರೆ "ಇವಿ ಅಂದ್ರೆ ಹಾಗೇ ಸರ್, ನಾರ್ಮಲ್" ಅಂದ್ರಂತೆ. ಬಾನೆಟ್ ತೆಗೆದು ಏಸಿ ಹಾಕಿ ಕಂಪ್ರೆಸರ್ ಮೈಮೇಲೆ ಕೈ ಇಟ್ಟೆ, ಮೆಲ್ಲಗೆ ನಡುಗ್ತಾ ಉಂಟು, ಎಂದಿನ ಹಾಗೇ. ಬುಷ್ ಸರಿ ಉಂಟು. ಆಮೇಲೆ ಅಲ್ಯುಮಿನಿಯಂ ಪೈಪ್ ಹಿಡ್ಕೊಂಡು ಬೆರಳು ಹಿಂದೆ ಹಿಂದೆ ತಂದೆ, ಫೈರ್‌ವಾಲ್ (ಬಾನೆಟ್ಟಿಗೂ ಕೂರುವ ಜಾಗಕ್ಕೂ ನಡುವಿನ ಗೋಡೆ) ಹತ್ರ ಪೈಪನ್ನು ಬಾಡಿಗೆ ಹಿಡಿಸುವ ಕ್ಲಿಪ್ಪಿನಲ್ಲಿ ರಬ್ಬರ್ ತುಂಡು ಇರ್ಬೇಕು, ಅದಿಲ್ಲ. ತೆಗೆಯುವಾಗ ಬಿದ್ದು ಹೋಗಿದೆ, ಹಾಕುವವ ಹಾಕ್ಲಿಲ್ಲ, ಕ್ಲಿಪ್ ಬರಿ ಲೋಹಕ್ಕೆ ಲೋಹ ಕಚ್ಚಿ ಕೂತಿದೆ, ಪೈಪಿನ ಮೇಲೆ ಬಿಳಿ ಗೆರೆ ಸವೆದು ಹೋಗಿದೆ. ಇನ್ನು ಆರು ತಿಂಗಳು ಹೋಗಿದ್ರೆ ಪೈಪೇ ತೂತಾಗ್ತಿತ್ತು. ಕ್ಲಿಪ್ ಬಿಚ್ಚಿ ಪೈಪನ್ನು ಕೈಯಲ್ಲಿ ಎತ್ತಿ ಹಿಡಿದೆ, ಒಳಗೆ ಕೂತ ಅವರು ಅಲ್ಲಿಂದಲೇ "ಹೋಯ್ತು, ಹೋಯ್ತು" ಅಂತ ಬೊಬ್ಬೆ ಹಾಕಿದ್ರು. ಎಷ್ಟು ಸಣ್ಣ ರಬ್ಬರ್ ಗೊತ್ತುಂಟಾ, ಅಡಿಕೆಯ ಅರ್ಧ ಹೋಳಿನಷ್ಟು. ಕಂಪ್ರೆಸರಿಗೆ ನಾಲ್ಕು ಬುಷ್ ಹಾಕಿ ಸಾವಿರ ಯೋಚನೆ ಮಾಡಿ ಇಂಜಿನಿಯರ್‌ಗಳು ಕೂರಿಸಿದ್ದು ಈ ಒಂದು ತುಂಡಿನಿಂದ ದಂಡ ಆಯ್ತು. ಹಾಗೆಯೇ ಕಿತ್ತಳೆ ಬಣ್ಣದ ವಯರ್ ಎಲ್ಲಾದ್ರೂ ಬಿಗಿಯಾಗಿ ಎಳೆದು ಕಟ್ಟಿದ್ರೂ ನಡುಕ ಅದರಲ್ಲೇ ಹೋಗ್ತದೆ. ಆದ್ರೆ ಅದಕ್ಕೆ ನೀವು ಕೈ ಹಾಕ್ಲಿಕ್ಕೇ ಇಲ್ಲ, ಕಿತ್ತಳೆ ಅಂದ್ರೆ ಹೈ ವೋಲ್ಟೇಜ್, ಜೀವಕ್ಕೆ ಅಪಾಯ.

ಡೋರಿಗೆ, ಫ್ಲೋರಿಗೆ ಡ್ಯಾಂಪಿಂಗ್ ಶೀಟ್ ಅಂಟಿಸಿದ್ರೆ ಹೋಗ್ತದಾ ಅಂತ ಕೇಳ್ತಾರೆ. ಟಯರಿನ ಶಬ್ದಕ್ಕೆ ಸ್ವಲ್ಪ ಉಪಯೋಗ ಉಂಟು. 50-100 ಹರ್ಟ್ಸಿನ ಗುಂಯ್‌ಗೆ ಫೋಮ್ ಶೀಟ್ ಏನೂ ಮಾಡೋದಿಲ್ಲ, ದುಡ್ಡು ದಂಡ.

ಗ್ಯಾಸಿನ ವಿಷಯ ಸ್ವಲ್ಪ ಕೋಪದಲ್ಲೇ ಹೇಳಿದೆ. ಏಸಿಯ ಯಾವ ಕಾಯಿಲೆಗೂ ನಮ್ಮಲ್ಲಿ ಮೊದಲ ಮದ್ದು "ಗ್ಯಾಸ್ ಹಾಕಿ." ಕರೆಂಟ್ ಗಾಡಿಯ ಕಂಪ್ರೆಸರಿನಲ್ಲಿ ಮೋಟಾರ್ ಒಳಗೇ ಇರೋದ್ರಿಂದ ಹೊರಗೆ ಬರುವ ಶಾಫ್ಟ್ ಇಲ್ಲ, ಶಾಫ್ಟ್ ಸೀಲ್ ಇಲ್ಲ, ಹಳೆ ಗಾಡಿಗಳಲ್ಲಿ ಗ್ಯಾಸ್ ಮೆಲ್ಲಗೆ ಸೋರ್ತಿದ್ದ ಒಂದು ದೊಡ್ಡ ದಾರಿಯೇ ಬಂದ್ ಆಗಿದೆ. ಹಾಗಾಗಿ ಗ್ಯಾಸ್ ಕಮ್ಮಿ ಆಗಿದ್ರೆ ಬೇರೆ ಎಲ್ಲೋ ಲೀಕ್ ಉಂಟು, ಅದನ್ನು ಹುಡುಕದೆ ತುಂಬಿಸ್ಬಾರ್ದು. ಕಮ್ಮಿ ಇದ್ರೆ ಡ್ಯಾಶ್‌ಬೋರ್ಡಿನ ಹಿಂದೆ ಗ್ಯಾಸನ್ನು ಸಣ್ಣ ತೂತಿನಲ್ಲಿ ಬಿಡುವ ಎಕ್ಸ್‌ಪಾನ್ಶನ್ ವಾಲ್ವಿನಲ್ಲಿ ಹಿಸ್ಸ್ ಅಂತ ಕೇಳ್ತದೆ ನಿಜ. ಜಾಸ್ತಿ ಹಾಕಿದ್ರೂ ಪ್ರೆಶರ್ ಏರಿ ಕಂಪ್ರೆಸರ್ ಒದ್ದಾಡಿ ಶಬ್ದ ಹೆಚ್ಚಾಗ್ತದೆ, ಆಗ "ಇನ್ನೂ ಸ್ವಲ್ಪ ಹಾಕುವ" ಅಂತಾರೆ! ಬಾನೆಟ್ ಒಳಗೆ ಸ್ಟಿಕ್ಕರಿನಲ್ಲಿ ಎಷ್ಟು ಗ್ರಾಂ ಅಂತ ಬರೆದಿರ್ತದೆ, ತೂಕ ಮಾಡಿ ಅಷ್ಟೇ ಹಾಕ್ಬೇಕು.

ಅದಕ್ಕಿಂತ ದೊಡ್ಡ ಕತೆ ಆಯಿಲಿನದ್ದು. ಬೆಲ್ಟ್ ಕಂಪ್ರೆಸರಿಗೆ ಸಾಮಾನ್ಯವಾಗಿ ಪಿಎಜಿ ಆಯಿಲ್. ಇಲ್ಲಿ ಮೋಟಾರಿನ ವೈಂಡಿಂಗ್ ಗ್ಯಾಸ್ ಮತ್ತು ಆಯಿಲಿನ ಒಳಗೇ ಮುಳುಗಿರ್ತದೆ, 350 ವೋಲ್ಟ್ ಹರೀತಾ ಇರ್ತದೆ, ಅದಕ್ಕೆ ಕರೆಂಟ್ ಹರಿಯಲು ಬಿಡದ ಬೇರೆ ಆಯಿಲ್ ಬೇಕು, ಹೆಚ್ಚಿನದ್ದಕ್ಕೆ ಪಿಒಇ. ತಪ್ಪಿ ಪಿಎಜಿ ಸ್ವಲ್ಪ ಸೇರಿದ್ರೂ ಇನ್ಸುಲೇಶನ್ ಇಳೀತದೆ, ಗಾಡಿ ಅದನ್ನು ಕಂಡುಹಿಡಿದು ವಾರ್ನಿಂಗ್ ಕೊಡ್ತದೆ, ಕೆಲವು ಸಲ ಸ್ಟಾರ್ಟೇ ಆಗ್ಲಿಕ್ಕಿಲ್ಲ. ಪೆಟ್ರೋಲ್ ಗಾಡಿಗೆ ಗ್ಯಾಸ್ ಹಾಕಿದ ಅದೇ ಮೆಶಿನ್, ಅದೇ ಹೋಸ್, ಒಳಗೆ ಹಳೆ ಆಯಿಲ್ ಅಂಟಿಕೊಂಡಿರ್ತದೆ, ಅದನ್ನೇ ನಿಮ್ಮ ಗಾಡಿಗೆ ಜೋಡಿಸಿದ್ರೆ ಸಾಕು. ಹಾಗಾಗಿ ಕೇಳ್ಲಿಕ್ಕೆ ನಾಚಿಕೆ ಬೇಡ, "ಅಣ್ಣ, ಇವಿಗೆ ಬೇರೆ ಹೋಸ್ ಉಂಟಾ" ಅಂತ ಕೇಳಿ.

ನಮ್ಮ ಊರಿನದ್ದೇ ಆದ ಎರಡು ಕಾರಣ ಉಂಟು. ಒಂದು ಹಬೆ, ಸೆಕೆ. ಏಸಿ ಗಾಳಿಯನ್ನು ತಂಪು ಮಾಡೋದು ಮಾತ್ರ ಅಲ್ಲ, ಅದರ ನೀರನ್ನೂ ಹಿಂಡಬೇಕು. ಗಾಡಿ ಅಡಿಯಲ್ಲಿ ಒಂದು ಲೀಟರ್ ನೀರು ತೊಟ್ಟಿಕ್ಕಿದ್ರೆ ಅದರ ಹಿಂದೆ ಸುಮಾರು 0.67 ಯೂನಿಟ್ಟಿನಷ್ಟು ಶಾಖ ತೆಗೆದ ಹಾಗೆ ಲೆಕ್ಕ. ಒಣ ಹವೆಯ ಊರಿನಲ್ಲಿ ಅದೇ 33 ಡಿಗ್ರಿಗೆ ಕಂಪ್ರೆಸರ್ ಇಷ್ಟು ಕಷ್ಟಪಡ್ಬೇಕಿಲ್ಲ, ಕುಂಬಳೆ ಮಂಜೇಶ್ವರ ಕಡಲ ಬದಿಯಲ್ಲಿ ಅದು ಜೋರಾಗಿ ಓಡಲೇ ಬೇಕು. ಇನ್ನೊಂದು ಧೂಳು. ತಲಪಾಡಿಯಿಂದ ಈಚೆಗೆ 66ನೇ ಹೈವೇ ಅಗಲ ಮಾಡುವ ಕೆಲಸ ಶುರುವಾದ ಮೇಲೆ ಸರ್ವೀಸ್ ರೋಡಿನಲ್ಲಿ ಓಡಿದ ಗಾಡಿಗಳ ಕಂಡೆನ್ಸರ್ ನೋಡ್ಬೇಕು ನೀವು, ಕೆಂಪು ಮಣ್ಣಿನ ಗೋಡೆ. ಗಾಳಿ ದಾಟೋದಿಲ್ಲ, ಪ್ರೆಶರ್ ಏರ್ತದೆ, ಫ್ಯಾನ್ ಬೊಬ್ಬೆ ಹಾಕ್ತದೆ. ಸಾದಾ ಪೈಪಿನ ನೀರಲ್ಲಿ ಮೆಲ್ಲಗೆ ತೊಳೆದ್ರೆ ಆಯ್ತು. ವಾಟರ್ ಸರ್ವೀಸಿನ ಪ್ರೆಶರ್ ಗನ್ ಹತ್ತಿರ ತಂದು ಹೊಡೆದ್ರೆ ರೆಕ್ಕೆಗಳೆಲ್ಲ ಮಡಚಿ ಹೋಗ್ತದೆ, ಮೊದಲಿಗಿಂತ ಹೆಚ್ಚು ಬಂದ್.

ಗ್ಲೌ ಬಾಕ್ಸಿನ ಹಿಂದಿನಿಂದ ಬರುವ ಚರಚರಕ್ಕೆ ಹೆದರ್ಬೇಡಿ, ಒಳಗೆ ಗಾಳಿ ಊದುವ ಫ್ಯಾನಿನಲ್ಲಿ, ಅಂದ್ರೆ ಬ್ಲೋವರಿನಲ್ಲಿ, ಎಲೆ ಸಿಕ್ಕಿರ್ತದೆ ಅಥವಾ ಇಲಿ ಬೈಹುಲ್ಲು ತಂದಿಟ್ಟಿರ್ತದೆ, ತೋಟದ ಮನೆಯವರಿಗೆ ಹೇಳ್ಬೇಕಾಗಿಲ್ಲ. ಬ್ಲೋವರ್ ಸ್ಪೀಡ್ ಹೆಚ್ಚು ಕಮ್ಮಿ ಮಾಡಿದಾಗ ಶಬ್ದವೂ ಬದಲಾದ್ರೆ ಕಂಪ್ರೆಸರಿಗೆ ಸಂಬಂಧ ಇಲ್ಲ. ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿದ್ರೆ ಬ್ಲೋವರಿನ ಬಾಯಿ ಗಾಡಿಯ ಒಳಗೆ ತೆರೀತದೆ, ಶಬ್ದ ಸ್ವಲ್ಪ ಜಾಸ್ತಿಯೇ ಕೇಳ್ಬೇಕು.

ಪ್ರಶ್ನೆಗಳು ಮಾತಿಗಿಂತ ಚೆನ್ನಾಗಿದ್ವು. ಒಬ್ರು ನಿವೃತ್ತ ಮಾಷ್ಟ್ರು ಎದ್ದು, "ನಾನು ಏಸಿ ಆಫ್ ಮಾಡಿ, ಗಾಡಿ ಬೀಗ ಹಾಕಿ, ಫಾಸ್ಟ್ ಚಾರ್ಜಿಗೆ ಇಟ್ಟು ಚಾ ಕುಡೀಲಿಕ್ಕೆ ಹೋದ್ರೆ ಒಳಗಿನಿಂದ ಅದು ಹೊಟ್ಟೆನೋವು ಬಂದವರ ಹಾಗೆ ಕೂಗ್ತದಲ್ಲ, ಯಾಕೆ?" ಅಂದ್ರು. ಮಾಷ್ಟ್ರೇ, ಅದು ನಿಮಗೆ ಅಲ್ಲ, ಬ್ಯಾಟರಿಗೆ ಏಸಿ. ದ್ರವದಿಂದ ತಂಪು ಮಾಡುವ ಬ್ಯಾಟರಿಗಳಲ್ಲಿ ಅದೇ ಗ್ಯಾಸ್, ಅದೇ ಕಂಪ್ರೆಸರ್ ಚಿಲ್ಲರ್ ಅನ್ನುವ ಇನ್ನೊಂದು ಪಾರ್ಟಿನ ಮೂಲಕ ಬ್ಯಾಟರಿಯ ಸುತ್ತ ಹರಿಯುವ ಆ ದ್ರವವನ್ನೂ ತಂಪು ಮಾಡ್ತದೆ, ಫಾಸ್ಟ್ ಚಾರ್ಜಿನಲ್ಲಿ ಬ್ಯಾಟರಿ ಬಿಸಿ ಆಗ್ತದೆ, ಕಂಪ್ರೆಸರ್ ಮತ್ತು ಫ್ಯಾನ್ ಎರಡೂ ಪೂರ್ತಿ ಓಡ್ತದೆ. ಆ ಕೂಗು ಇದ್ರೆ ಸಂತೋಷ ಪಡಿ. ಕಡು ಬೇಸಿಗೆಯಲ್ಲಿ ಅಂಥ ಗಾಡಿ ಫಾಸ್ಟ್ ಚಾರ್ಜಿನಲ್ಲಿ ಸ್ವಲ್ಪವೂ ಶಬ್ದ ಮಾಡದೆ, ಚಾರ್ಜ್ ಆಗುವ ಸ್ಪೀಡೂ ಇಳಿದು ಹೋದ್ರೆ ಆಗ ತೋರಿಸ್ಬೇಕು.

ಇನ್ನೊಬ್ರು ಅಕ್ಕ ಕೇಳಿದ್ರು, ಮಗನಿಗೆ ಏಸಿ ಹಾಕಿದ ಕೂಡ್ಲೇ ಕೀಂ ಅಂತ ಕೇಳ್ತದಂತೆ, ತನಗೂ ಗಂಡನಿಗೂ ಎಂತ ಕೇಳೋದಿಲ್ಲ, ಹುಡುಗ ಸುಳ್ಳು ಹೇಳ್ತಾನಾ ಅಂತ. ಸುಳ್ಳಲ್ಲ ಅಕ್ಕ. ಇನ್ವರ್ಟರ್ ಸೆಕೆಂಡಿಗೆ ಹತ್ತು ಇಪ್ಪತ್ತು ಸಾವಿರ ಸಲ ಆನ್ ಆಫ್ ಆಗ್ತದೆ, ಆ ಸಣ್ಣ ಸ್ವರ ಮಕ್ಕಳಿಗೆ ಕೇಳ್ತದೆ, ಪ್ರಾಯ ಆದ ಹಾಗೆ ಮೇಲಿನ ಸ್ವರ ನಮಗೆ ಕೇಳೋದು ಬಿಟ್ಟು ಹೋಗ್ತದೆ.

ಸರ್ವೀಸಿನವರಿಗೆ ಹೇಗೆ ಹೇಳೋದು ಅನ್ನುವುದು ಎಲ್ರ ಕಷ್ಟ. ಮಂಗಳೂರಿಗೆ ಹೋದ್ರೆ ತುಳುವಿನಲ್ಲೋ ಕನ್ನಡದಲ್ಲೋ ಹೇಳ್ಬಹುದು, ತೆಂಕಕ್ಕೆ ಹೋದ್ರೆ ಮಲಯಾಳದಲ್ಲಿ ಹೇಳ್ಬೇಕು, ಯಾವ ಭಾಷೆಯಲ್ಲಿ ಹೇಳಿದ್ರೂ ಜಾಬ್ ಕಾರ್ಡಿನಲ್ಲಿ ಅವರು ಬರೆಯೋದು "ಏಸಿ ನಾಯ್ಸ್" ಅಂತ ಎರಡೇ ಶಬ್ದ, ಸಂಜೆಗೆ "ಚೆಕ್ಡ್, ಓಕೆ." ಅವರು ಚೆಕ್ ಮಾಡೋದು ಬೆಳಿಗ್ಗೆ ನೆರಳಲ್ಲಿ, ಶೆಡ್ಡಿನ ಗಲಾಟೆಯ ಮಧ್ಯೆ, ಕಂಪ್ರೆಸರ್ ಎರಡು ಸಾವಿರದಲ್ಲಿ ಮೆಲ್ಲಗೆ ಓಡ್ತಾ ಇರುವಾಗ, ಕೇಳೋದು ಹೇಗೆ? ಫೋನಿನಲ್ಲಿ ಫೈಫಾಕ್ಸ್ ಅಂತ ಒಂದು ಆ್ಯಪ್ ಉಂಟು, ಜರ್ಮನಿಯ ಆಹೆನ್ ಯುನಿವರ್ಸಿಟಿಯವರು ಮಾಡಿದ್ದು, ಫ್ರೀ. ಅದರಲ್ಲಿ ಶಬ್ದದ ಸ್ಪೆಕ್ಟ್ರಮ್, ಅಂದ್ರೆ ಯಾವ ಹರ್ಟ್ಸಿನಲ್ಲಿ ಎಷ್ಟು ಶಬ್ದ ಅನ್ನುವ ಗ್ರಾಫ್ ತೆಗೆದು, ಗಾಡಿ ಬಿಸಿಲಲ್ಲಿ ನಿಂತು ಗುಂಯ್ ಅನ್ನುವಾಗ ಯಾವ ಹರ್ಟ್ಸಿನಲ್ಲಿ ಮುಳ್ಳಿನ ಹಾಗೆ ಎದ್ದು ಕಾಣ್ತದೆ ಅಂತ ನೋಡಿ ಸ್ಕ್ರೀನ್‌ಶಾಟ್ ಇಟ್ಕೊಳ್ಳಿ. ಏಸಿ ಆಫ್ ಮಾಡಿ ಇನ್ನೊಂದು ತೆಗೀರಿ. ಮುಳ್ಳು ಹೋದ್ರೆ ಅದರ ಹರ್ಟ್ಸನ್ನು 60ರಿಂದ ಗುಣಿಸಿ, ಕಂಪ್ರೆಸರಿನ ಆರ್‌ಪಿಎಂ ಸಿಗ್ತದೆ. ಸರ್ವೀಸಿನವರ ಸ್ಕ್ಯಾನರಿನಲ್ಲಿ ಕಂಪ್ರೆಸರ್ ಸ್ಪೀಡ್ ಕಾಣ್ತದೆ, ಎರಡೂ ತಾಳೆ ಆದ್ರೆ ಮತ್ತೆ "ನಾರ್ಮಲ್ ಸರ್" ಅಂತ ಸಾಗಹಾಕ್ಲಿಕ್ಕೆ ಆಗೋದಿಲ್ಲ. ಜಾಬ್ ಕಾರ್ಡಿನಲ್ಲಿ ನೀವೇ ನಿಂತು ಬರೆಸಿ: ಗಾಡಿ ನಿಂತಾಗ, ಹೊರಗೆ ಬಿಸಿಲು, ಟೆಂಪರೇಚರ್ ಅತಿ ಕಮ್ಮಿಗೆ ಇಟ್ಟು ಎರಡು ನಿಮಿಷ ಆದ ಮೇಲೆ, ಡ್ರೈವರ್ ಫ್ಲೋರಿನಲ್ಲಿ ನಡುಕ, 75 ಹರ್ಟ್ಸ್, ಏಸಿ ಆಫ್ ಮಾಡಿದ್ರೆ ಇಲ್ಲ.

ಕಡೆಗೆ ಒಬ್ಬ ಹುಡುಗ ಸೆಕೆಂಡ್ ಹ್ಯಾಂಡ್ ಇವಿ ತಗೊಳ್ಳುವಾಗ ಇದನ್ನೆಲ್ಲ ಹೇಗೆ ನೋಡೋದು ಅಂತ ಕೇಳಿದ. ಬೆಳಿಗ್ಗೆ ಹೋಗ್ಬೇಡ, ಮಧ್ಯಾಹ್ನ ಹೋಗು, ಗಾಡಿ ಬಿಸಿಲಲ್ಲೇ ಇರ್ಲಿ ಅಂತ ಮೊದಲೇ ಫೋನ್ ಮಾಡಿ ಹೇಳು. ಓಡಿಸುವ ಮೊದಲು ನಿಂತಲ್ಲೇ ಏಸಿ ಪೂರ್ತಿ ಹಾಕಿ ಐದು ಹತ್ತು ನಿಮಿಷ ಬಾಗಿಲು ಹಾಕಿ ಕೂತ್ಕೋ, ಹಾಡು ಹಾಕ್ಬೇಡ, ಮಾರುವವ ಪಕ್ಕದಲ್ಲಿ ಕೂತು ಮಾತಾಡ್ತಾ ಇದ್ರೆ ಚಾ ತರ್ಲಿಕ್ಕೆ ಕಳಿಸು. ಕಾಲಿನ ಚಪ್ಪಲಿ ತೆಗೆದು ಅಂಗಾಲು ಫ್ಲೋರಿಗೆ ಇಟ್ಟು ನೋಡು, ಹಿಂದಿನ ಸೀಟಿಗೂ ಹೋಗಿ ಕೂರು. ಆಮೇಲೆ ಬಾನೆಟ್ ತೆಗೆದು ಪೈಪಿನ ಕ್ಲಿಪ್ಪುಗಳನ್ನೆಲ್ಲ ಟಾರ್ಚ್ ಹಾಕಿ ನೋಡು, ಎದುರಿನ ಕಡೆ ಬೋಲ್ಟುಗಳಿಗೆ ಪಾನ (ಸ್ಪ್ಯಾನರ್) ತಾಗಿದ ಗುರುತು ಇದ್ರೆ ಗಾಡಿ ಎಲ್ಲೋ ತಾಗಿ ಬಿಚ್ಚಿ ಕೂರಿಸಿದ್ದು, ಆಗ ಕ್ಲಿಪ್ಪಿನ ರಬ್ಬರುಗಳನ್ನು ಒಂದೊಂದೇ ಬೆರಳಿನಲ್ಲಿ ಮುಟ್ಟಿ ನೋಡು, ಕಿತ್ತಳೆ ವಯರ್ ಒಂದು ಬಿಟ್ಟು.